ಸತ್ತ ಕಾಗೆ ಕಂಡರೆ ಫೋನ್ ಮಾಡಿ

ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಹಳದಿ ಕಾಗದವಿದೆ. ಕಾಲು ಮೇಲೆ ಮಾಡಿ ಮಲಗಿರುವ ಒಂದು ಕಾಗೆಯ ಚಿತ್ರ, ಅದರ ಕೆಳಗೊಂದು ಫೋನ್ ನಂಬರು. ಸತ್ತ ಹಕ್ಕಿ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ, ತಡಮಾಡದೆ ತಿಳಿಸಿ ಎಂದು ಇಂಗ್ಲಿಷಿನಲ್ಲೂ ಸ್ಪ್ಯಾನಿಷಿನಲ್ಲೂ ಬರೆದಿದೆ. ಮನೆಗೆ ಬಂದವರು ನೀರಿಗೆಂದು ಅಡಿಗೆಮನೆಗೆ ಹೋದರೆ ಲೋಟ ಕೈಯಲ್ಲೇ ಹಿಡಿದು ಅದನ್ನು ಓದುತ್ತಾರೆ. "ಇದನ್ನ ಯಾಕ್ರೀ ಇಟ್ಕೊಂಡಿದ್ದೀರಿ, ತೆಗೆದು ಬಿಸಾಕಬಾರದಾ?" ಎಂದು ಕೇಳುತ್ತಾರೆ. ಅಮ್ಮ "ಇರ್ಲಿ ಬಿಡಿ" ಎಂದು ಮಾತು ಬದಲಾಯಿಸುತ್ತಾಳೆ. ಕಳೆದ ವಾರ ಹೊಸ ಫ್ರಿಜ್ ಬಂತು. ಅಮ್ಮ ಮೊದಲು ಕೈಗೆತ್ತಿಕೊಂಡದ್ದು ಹಾಲಲ್ಲ, ಮೊಸರಲ್ಲ. ಹಳೆಯ ಬಾಗಿಲಿನಿಂದ ಆ ಕಾಗದ ಬಿಡಿಸಿ ಹೊಸ ಬಾಗಿಲಿಗೆ ಅಂಟಿಸಿ, ಅಂಗೈಯಿಂದ ಎರಡು ಸಲ ಒತ್ತಿದಳು. ಆಮೇಲೆ ಹಾಲು.

ಎರಡು ಸಲ ಎಂದು ಖಚಿತವಾಗಿ ಹೇಳುತ್ತಿದ್ದೇನೆ, ಏಕೆಂದರೆ ನಾನು ಎಣಿಸಿದೆ. ನನಗೆ ಈ ರೋಗ ಚಿಕ್ಕಂದಿನಿಂದ ಇದೆ. ಮೆಟ್ಟಿಲು ಹತ್ತುವಾಗ ಎಣಿಸುತ್ತೇನೆ, ಸಿಗ್ನಲ್‌ನಲ್ಲಿ ನಿಂತಾಗ ಕೆಂಪು ಕಾರು ಎಣಿಸುತ್ತೇನೆ. ಪದ್ಮಾ ಚಿಕ್ಕಮ್ಮ ಒಂದು ಫೋನ್ ಕರೆಯಲ್ಲಿ ಎಷ್ಟು ಸಲ "ಓ ಗಾಡ್" ಅಂದಳು ಎಂಬುದಕ್ಕೆ ನನ್ನ ಡೈರಿಯಲ್ಲಿ ಒಂದು ಪುಟವೇ ಇದೆ. ಅತಿ ಹೆಚ್ಚು ಅಂದದ್ದು ೨೦೦೩ರ ಮಾರ್ಚಿನಲ್ಲಿ, ನಲವತ್ತೊಂದು ಸಲ. ಅವಳ ಕಾರನ್ನು ಯಾರೋ ಹಿಂದಿನಿಂದ ಗುದ್ದಿದ್ದರು.

ಈ ಚಟಕ್ಕೆ ನೀರೆರೆದವನು ಅಪ್ಪ. ನಾವು ಮೈಸೂರಿನಿಂದ ಸ್ಯಾನ್ ಡಿಯಾಗೋಗೆ ಬಂದದ್ದು ೨೦೦೧ರ ಜನವರಿಯಲ್ಲಿ. ನನಗೆ ಆಗ ಹನ್ನೆರಡು. ಆ ಊರಿನ ಕಡಲಂಚಿನ ಲಾ ಹೋಯಾದ ಸಮುದ್ರ ಸಂಶೋಧನೆಯವರ ವರ್ಕ್‌ಶಾಪಿನಲ್ಲಿ ಅಪ್ಪ ಉಪಕರಣ ರಿಪೇರಿ ಮಾಡುತ್ತಿದ್ದ. ನೀರಿನ ಆಳ, ಬಿಸಿ, ಉಪ್ಪು ಅಳೆಯಲು ಕಡಲಿಗೆ ಇಳಿಬಿಟ್ಟ ಯಂತ್ರಗಳು ಕೆಟ್ಟು ವಾಪಸ್ ಬಂದಾಗ ಅವನ್ನು ಬಿಚ್ಚಿ ಸರಿಮಾಡುವುದು ಅವನ ಕೆಲಸ. ಮನೆ ಅದೇ ಊರಿನ ಕಾರ್ಮೆಲ್ ವ್ಯಾಲಿಯಲ್ಲಿ, ದೊಡ್ಡ ದೊಡ್ಡ ಮನೆಗಳ ಬೆನ್ನಿಗಿದ್ದ ಒಂದು ಬಾಡಿಗೆ ಅಪಾರ್ಟ್‌ಮೆಂಟು. ತಿಂಗಳಿಗೊಮ್ಮೆ ಲಾಸ್ ಏಂಜಲೀಸಿಗೆ ಡ್ರೈವ್ ಮಾಡಿಕೊಂಡು ಕಲ್ವರ್ ಸಿಟಿಯಲ್ಲಿದ್ದ ಚಿಕ್ಕಮ್ಮನ ಮನೆಗೆ ಹೋಗುತ್ತಿದ್ದೆವು. ಚಿಕ್ಕಮ್ಮ ಅಲ್ಲೊಂದು ಸ್ಟುಡಿಯೋದಲ್ಲಿ ನಟರ ಬಟ್ಟೆ ಹೊಲಿಯುತ್ತಾಳೆ. ಎರಡು ಗಂಟೆಯ ದಾರಿ, ಟ್ರಾಫಿಕ್ ಇದ್ದರೆ ನಾಲ್ಕು. ನನಗೆ ಬೇಜಾರಾಗದಿರಲಿ ಎಂದು ಅಪ್ಪ ಪ್ರತಿ ಸಲವೂ ಈ ರಾಜ್ಯದ ಬಗ್ಗೆ ಯಾರಿಗೂ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತಿದ್ದ. ಹೇಳಿ ಮುಗಿಸಿ, ಸ್ಟೀರಿಂಗ್ ಮೇಲೆ ಬೆರಳು ತಟ್ಟಿ, "ಪುಟ್ಟಿ, ಬರ್ಕೋ" ಅನ್ನುತ್ತಿದ್ದ. ನಾನು ಒಂದು ನೋಟ್‌ಬುಕ್ಕಿನಲ್ಲಿ ನಂಬರು ಹಾಕಿ ಬರೆದುಕೊಳ್ಳುತ್ತಿದ್ದೆ.

ಆ ನೋಟ್‌ಬುಕ್ಕನ್ನು ಈಗ ತೆರೆದರೆ ಸ್ವಲ್ಪ ಭಯವಾಗುತ್ತದೆ. ಬಿಸಿಲು, ಬೀಚು, ಸಿನಿಮಾ ಎಂದು ಜಗತ್ತೆಲ್ಲ ಹಾಡಿ ಹೊಗಳುವ ಊರಿನ ಬಗ್ಗೆ ಅಪ್ಪ ಹೇಳಿದ್ದು ಎಂಥವು ನೋಡಿ.

ಒಂದನೆಯದು: ಕ್ಯಾಲಿಫೋರ್ನಿಯಾದ ಬಾವುಟದ ಮೇಲೆ ನಡೆಯುತ್ತಿರುವ ಕರಡಿ ಈ ರಾಜ್ಯದಲ್ಲಿ ಒಂದೂ ಉಳಿದಿಲ್ಲ. ಎಲ್ಲವನ್ನೂ ಕೊಂದು ಸುಮಾರು ಎಂಬತ್ತು ವರ್ಷವಾಯಿತು. ಶಾಲೆ, ಪೋಸ್ಟ್ ಆಫೀಸು, ಕೋರ್ಟು ಎಲ್ಲ ಕಡೆಯೂ ಸತ್ತ ಪ್ರಾಣಿಯೊಂದು ಗಾಳಿಯಲ್ಲಿ ನಡೆಯುತ್ತಲೇ ಇದೆ.

ನಾಲ್ಕನೆಯದು: ಲಾಸ್ ಏಂಜಲೀಸ್ ನಿಂತ ನೆಲ ನಿಂತಿಲ್ಲ. ನಮ್ಮ ಉಗುರು ಬೆಳೆಯುವಷ್ಟೇ ನಿಧಾನವಾಗಿ ಅದು ಸ್ಯಾನ್ ಫ್ರಾನ್ಸಿಸ್ಕೋ ಕಡೆಗೆ ಸರಿಯುತ್ತಿದೆ. ಇದನ್ನು ಕೇಳಿದ ಮೇಲೆ ಎಷ್ಟೋ ದಿನ ಉಗುರು ಕತ್ತರಿಸುವಾಗ ಕಾಲು ಗಟ್ಟಿಯಾಗಿ ಊರಿಕೊಂಡು ಕೂರುತ್ತಿದ್ದೆ.

ಏಳನೆಯದು: ಆ ಊರಿನ ಮಧ್ಯದಲ್ಲೇ ನೆಲದಿಂದ ಟಾರು ಉಕ್ಕುತ್ತದೆ. ಆನೆಯಂಥ ಪ್ರಾಣಿಗಳು ಹುದುಗಿಹೋದ ಹಳ್ಳಗಳು ಇನ್ನೂ ಗುಳ್ಳೆ ಬಿಡುತ್ತವೆ. ಒಮ್ಮೊಮ್ಮೆ ಪಕ್ಕದ ಹುಲ್ಲುಹಾಸಿನಲ್ಲೂ ಫುಟ್‌ಪಾತಿನ ಬಿರುಕಿನಲ್ಲೂ ಕಪ್ಪಗೆ ಜಿನುಗುತ್ತದೆ. ಅಪ್ಪ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದ. ಹನ್ನೊಂದು ನಿಮಿಷದಲ್ಲಿ ಮೂವತ್ತೆಂಟು ಗುಳ್ಳೆ.

ಒಂಬತ್ತನೆಯದು: ಚಿಕ್ಕಮ್ಮನ ಮನೆಗೆ ಹೋಗುವ ದಾರಿಯಲ್ಲಿ ಆಫೀಸಿನಂತೆ ಕಾಣುವ ಒಂದು ಎತ್ತರದ ಕಟ್ಟಡವಿತ್ತು. ಅದು ಆಫೀಸಲ್ಲ. ಒಳಗೆ ಎಣ್ಣೆಯ ಬಾವಿಗಳು. ಊರಿನವರ ಕಣ್ಣಿಗೆ ಕಾಣದಿರಲಿ ಎಂದು ಸುತ್ತ ಗೋಡೆ ಕಟ್ಟಿದ್ದಾರೆ. ಅಲ್ಲಿ ಹಾದುಹೋದಾಗಲೆಲ್ಲ ಬಾಗಿಲಿನಿಂದ ಒಳಗೆ ಹೋದವರೆಷ್ಟು, ಹೊರಗೆ ಬಂದವರೆಷ್ಟು ಎಂದು ನಾನು ಎಣಿಸಿದ್ದೇನೆ. ಹತ್ತೊಂಬತ್ತು ಸಲ ಹಾದಿದ್ದೇವೆ. ಒಳಗೆ ಸೊನ್ನೆ, ಹೊರಗೆ ಸೊನ್ನೆ. "ನಮ್ಮ ಸ್ಟುಡಿಯೋ ಸೆಟ್ಟೂ ಹಾಗೇ ಕಣೇ, ಮುಂದೆ ಅರಮನೆ, ಹಿಂದೆ ಹಲಗೆ. ಇಡೀ ಊರೇ ಹಾಗೆ" ಎಂದು ಚಿಕ್ಕಮ್ಮ ನಗುತ್ತಿದ್ದಳು.

ಹದಿನಾರನೆಯದು ಅಪ್ಪ ಹೇಳಿದ ಕೊನೆಯ ಸಂಗತಿ. ಲಾ ಹೋಯಾದ ದಂಡೆಯಿಂದ ಸ್ವಲ್ಪವೇ ದೂರದಲ್ಲಿ ನೀರಿನಡಿ ಒಂದು ಕಣಿವೆ ಶುರುವಾಗುತ್ತದೆ. ಮೇಲೆ ಮಕ್ಕಳು ಈಜುತ್ತಿರುತ್ತಾರೆ, ಕೆಳಗೆ ನೆಲವೇ ಇರುವುದಿಲ್ಲ.

ಹದಿನೇಳನೆಯದನ್ನು ನಾನೇ ಬರೆದುಕೊಳ್ಳಬೇಕಾಯಿತು. ಈ ರಾಜ್ಯದಲ್ಲಿ ಚಿತಾಭಸ್ಮವನ್ನು ದಂಡೆಯಲ್ಲಿ ನಿಂತು ಕಡಲಿಗೆ ಬಿಡುವಂತಿಲ್ಲ. ದೋಣಿಯಲ್ಲಿ ದೂರ ಹೋಗಬೇಕು. ಎಷ್ಟು ದೂರ ಎಂಬುದು ಕಾನೂನಿನಲ್ಲಿದೆ.

ಅಪ್ಪ ಹೋದದ್ದು ೨೦೦೨ರ ಆಗಸ್ಟಿನಲ್ಲಿ. ಹಿಂದಿನ ಸಂಜೆ ಅಪ್ಪ ಅಮ್ಮನಿಗೆ ಜಗಳವಾಗಿತ್ತು. ಆ ವಾರ ಚಿಕ್ಕಮ್ಮನ ಮನೆಗೆ ಹೋಗೋಣ ಎಂದು ಅಮ್ಮ, ಹಡಗು ಹೊರಡುವುದರೊಳಗೆ ಯಂತ್ರ ಸರಿಮಾಡಿ ಕೊಡಬೇಕು ಎಂದು ಅಪ್ಪ. ದೊಡ್ಡ ಜಗಳವೇನಲ್ಲ. ಆದರೆ ಮಾತು ಬಿಟ್ಟಿದ್ದರು. ಬೆಳಿಗ್ಗೆ ಅಮ್ಮ ಮಾತಾಡದೆಯೇ ಚಿತ್ರಾನ್ನ ಮಾಡಿ, ಸ್ಟೀಲ್ ಡಬ್ಬಿಗೆ ತುಂಬಿ, ಬಾಗಿಲ ಪಕ್ಕದ ಮೇಜಿನ ಮೇಲಿಟ್ಟಳು. ಅಪ್ಪ ಶೂ ಹಾಕಿಕೊಂಡ, ಡಬ್ಬಿ ನೋಡಿದ, ಬಿಟ್ಟು ಹೋದ. ಮಧ್ಯಾಹ್ನ ವರ್ಕ್‌ಶಾಪಿನಲ್ಲೇ ಎದೆನೋವು ಬಂತು. ಆಸ್ಪತ್ರೆಯಿಂದ ಫೋನ್ ಬಂದಾಗ ಮೂರು ಐವತ್ತು. ಅಷ್ಟರಲ್ಲಿ ಎಲ್ಲ ಮುಗಿದು ಕೆಲವೇ ನಿಮಿಷವಾಗಿತ್ತು. ಡಬ್ಬಿ ಮೇಜಿನ ಮೇಲೆಯೇ ಇತ್ತು.

ಜನರೆದುರು ಅಮ್ಮ ಹೆಚ್ಚು ಅಳಲಿಲ್ಲ. ಆದರೆ ಒಂದೇ ಮಾತನ್ನು ತಿರುಗಿಸಿ ಮುರುಗಿಸಿ ಕೇಳುತ್ತಿದ್ದಳು. ಅವರು ಮರೆತು ಹೋದರಾ, ಸಿಟ್ಟಿಗೆ ಬಿಟ್ಟು ಹೋದರಾ? ನನ್ನನ್ನು ಕೇಳುತ್ತಿದ್ದಳು, ಫೋನಿನಲ್ಲಿ ಚಿಕ್ಕಮ್ಮನನ್ನು ಕೇಳುತ್ತಿದ್ದಳು, ಡಬ್ಬಿ ತೊಳೆಯುವಾಗ ಡಬ್ಬಿಯನ್ನೇ ಕೇಳುತ್ತಿದ್ದಳು. ಹಸಿದ ಹೊಟ್ಟೆಯಲ್ಲಿ, ನನ್ನ ಮೇಲೆ ಸಿಟ್ಟಿಟ್ಟುಕೊಂಡು ಹೋದರು ಎಂಬುದು ಅವಳ ತೀರ್ಮಾನ. ಅದನ್ನು ಅಲ್ಲವೆನ್ನಲು ನನ್ನ ಡೈರಿಯಲ್ಲಿ ಯಾವ ಸಾಕ್ಷಿಯೂ ಇರಲಿಲ್ಲ.

ವರ್ಷದ ತಿಥಿ ಬಂತು. ಮೈಸೂರಿನಲ್ಲಿ ದೊಡ್ಡಪ್ಪ ಶಾಸ್ತ್ರೋಕ್ತವಾಗಿ ಮಾಡುತ್ತಾರೆ. ಇಲ್ಲಿ ನಮ್ಮದು ಅಡಿಗೆ ಮಾಡಿ, ಎಲೆ ಇಟ್ಟು, ಕಾಗೆಗೆ ಕಾಯುವುದಷ್ಟೆ. ಕಾಗೆ ಬಂದು ಮುಟ್ಟಿದರೆ ಹೋದವರು ಉಂಡರು ಎಂದು ಲೆಕ್ಕ. ಕಾರ್ಮೆಲ್ ವ್ಯಾಲಿಯಲ್ಲಿ ಕಾಗೆಗಳಿಗೆ ಬರವಿರಲಿಲ್ಲ. ಎದುರಿನ ಛಾವಣಿಯ ಮೇಲೆ ಹನ್ನೊಂದು ಕೂತಿದ್ದವು. ನಾವು ಬಾಲ್ಕನಿಯ ಕಟ್ಟೆಯ ಮೇಲೆ ಎಲೆಯಿಟ್ಟು ಕಾದೆವು. ಒಂದು ಗಂಟೆ ನಲವತ್ತು ನಿಮಿಷ. ಹನ್ನೊಂದೂ ನಮ್ಮನ್ನೇ ನೋಡುತ್ತಿದ್ದವು. ಒಂದೂ ಕೂಗಲಿಲ್ಲ, ಒಂದೂ ಇಳಿಯಲಿಲ್ಲ. ಕೊನೆಗೆ ಎಲ್ಲವೂ ಒಟ್ಟಿಗೆ ಎದ್ದು ಸಮುದ್ರದ ಕಡೆಗೆ ಹಾರಿಹೋದವು. ಅಮ್ಮ ಎಲೆ ಮಡಚಿದಳು. ಆ ತಿಂಗಳೇ ಮನೆ ಖಾಲಿ ಮಾಡಿ ಕಲ್ವರ್ ಸಿಟಿಗೆ, ಚಿಕ್ಕಮ್ಮನ ಮನೆಗೆ ಬಂದೆವು.

ಮುಂದಿನ ಬೇಸಿಗೆ, ೨೦೦೪ರಲ್ಲಿ, ಕಾಗೆಗಳು ಕಾಣೆಯಾಗತೊಡಗಿದವು. ಸುಮ್ಮನೆ ಹೇಳುತ್ತಿಲ್ಲ, ನನ್ನ ಬಳಿ ಲೆಕ್ಕವಿದೆ. ಮನೆಯಿಂದ ಲೈಬ್ರರಿಗೆ ಹದಿನಾಲ್ಕು ನಿಮಿಷದ ನಡಿಗೆ. ಜೂನ್ ಏಳು, ಸೋಮವಾರ: ಇಪ್ಪತ್ಮೂರು ಕಾಗೆ. ಜೂನ್ ಕೊನೆಗೆ ಹದಿನೇಳು. ಜುಲೈ ಮಧ್ಯದಲ್ಲಿ ಆರು. ಬೆಳಗಿನ ಹೊತ್ತು ಮೋಡ ಕವಿದು ಊರು ಬೂದಿ ಬಣ್ಣಕ್ಕೆ ತಿರುಗಿರುತ್ತಿತ್ತು. ಅದರೊಳಗೆ ಕಾಗೆಯ ದನಿಯಿಲ್ಲದೆ ನಡೆಯುವಾಗ ಯಾರೋ ಕಿವಿಗೆ ಹತ್ತಿ ತುರುಕಿದಂತೆ. ಸೊಳ್ಳೆಯಿಂದ ಬರುವ ಒಂದು ಜ್ವರ ಹಕ್ಕಿಗಳಿಗೆ ತಗುಲಿದೆ, ಎಲ್ಲಕ್ಕಿಂತ ಹೆಚ್ಚು ಸಾಯುತ್ತಿರುವುದು ಕಾಗೆಗಳು ಎಂದು ಟಿವಿಯಲ್ಲಿ ಹೇಳಿದರು. ಆಗಲೇ ಟಪಾಲಿನಲ್ಲಿ ಬಂದದ್ದು ಈ ಹಳದಿ ಕಾಗದ. ಸತ್ತ ಹಕ್ಕಿಗಳ ಲೆಕ್ಕವನ್ನು ಸರ್ಕಾರವೇ ಇಟ್ಟುಕೊಳ್ಳುತ್ತದೆಂದು ತಿಳಿದಾಗ ನನಗೆ, ಹೇಳಲು ನಾಚಿಕೆ, ನೆಂಟರು ಸಿಕ್ಕಷ್ಟು ಖುಷಿಯಾಯಿತು. ಎರಡು ಸಲ ಫೋನ್ ಮಾಡಿ ಬೀದಿಯಲ್ಲಿ ಬಿದ್ದಿದ್ದ ಎರಡು ಕಾಗೆಗಳ ವಿಷಯ ತಿಳಿಸಿದೆ.

ಅದೇ ದಿನಗಳಲ್ಲಿ ನಾನು ಒಂದು ತಪ್ಪು ಕಂಡುಹಿಡಿದೆ. ೨೦೦೨ರ ಕನ್ನಡ ಕ್ಯಾಲೆಂಡರನ್ನು ಅಮ್ಮ ಎಸೆದಿರಲಿಲ್ಲ, ಸೀರೆಗಳ ನಡುವೆ ಇಟ್ಟಿದ್ದಳು. ಒಂದು ಮಧ್ಯಾಹ್ನ ಅದನ್ನೂ ನನ್ನ ಡೈರಿಯನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಿದ್ದೆ. ಅಪ್ಪ ಹೋದಾಗ ಇಲ್ಲಿ ಮಧ್ಯಾಹ್ನ ಮೂರು ಮುಕ್ಕಾಲರ ಸುಮಾರು. ಮೈಸೂರಿನಲ್ಲಿ ಆಗಲೇ ಮರುದಿನ, ಬೆಳಗಿನ ಜಾವ ನಾಲ್ಕು ಕಾಲು. ಸುದ್ದಿ ತಿಳಿದು ಎದ್ದ ಅಲ್ಲಿನ ಅತ್ತೆ, ಅಪ್ಪನ ಅಕ್ಕ, ತಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ತಮ್ಮ ತಾರೀಖು ನೋಡಿ, ನವಮಿ ಎಂದು ಹೇಳಿದ್ದರು. ನಾವೂ ನವಮಿ ಎಂದು ಬರೆದುಕೊಂಡೆವು. ಆದರೆ ಅದೇ ಚೌಕದಲ್ಲಿ ಸಣ್ಣ ಅಕ್ಷರದಲ್ಲಿ ಅಷ್ಟಮಿ ಬೆಳಿಗ್ಗೆ ಐದು ಹನ್ನೆರಡರವರೆಗೆ ಎಂದಿತ್ತು.

"ಅಮ್ಮ, ಅಪ್ಪ ಹೋಗಿದ್ದು ಅಷ್ಟಮೀಲಿ. ನಾವು ಕರೆದಿದ್ದು ನವಮಿಗೆ. ಒಂದಿನ ಲೇಟು."

ಅಮ್ಮ ಕ್ಯಾಲೆಂಡರನ್ನು ಕಿಟಕಿಯ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ತಣ್ಣಗೆ ಹೇಳಿದಳು.

"ಹಾಗಾದ್ರೆ ಹೋದ ವರ್ಷ ಅವರು ಹಿಂದಿನ ದಿನಾನೇ ಬಂದಿದ್ರು. ಕಟ್ಟೆ ಮೇಲೆ ಏನೂ ಇರ್ಲಿಲ್ಲ. ನೋಡ್ಕೊಂಡು ಹೋದ್ರು."

ನಾನು ಲೆಕ್ಕ ಸರಿಮಾಡಿ ಅವಳಿಗೆ ಸಮಾಧಾನ ಹೇಳಹೊರಟವಳು. ಕ್ಯಾಲೆಂಡರನ್ನು ಅವಳ ಕೈಯಿಂದ ತೆಗೆದುಕೊಂಡು ಮತ್ತೆ ಸೀರೆಗಳ ನಡುವೆ ಇಟ್ಟೆ.

ಆ ಸಲ ಆಗಸ್ಟಿನಲ್ಲಿ ಅಷ್ಟಮಿಗೆ ಸರಿಯಾಗಿ, ಇಲ್ಲಿನ ಗಂಟೆಗೆ ಹೊಂದಿಸಿ, ಅಡಿಗೆಯಾಯಿತು. ಇಂಡಿಯನ್ ಅಂಗಡಿಯಿಂದ ತಂದ ಬಾಳೆಲೆ, ಅನ್ನ, ಎಳ್ಳು, ವಡೆ, ಪಾಯಸ. ಜೊತೆಗೆ ಅಮ್ಮ ಆ ಸ್ಟೀಲ್ ಡಬ್ಬಿಯ ತುಂಬ ಚಿತ್ರಾನ್ನ ಮಾಡಿ ತಂದಳು.

"ಅಕ್ಕ, ತಿಥಿಗೆ ಯಾರಾದ್ರೂ ಚಿತ್ರಾನ್ನ ಮಾಡ್ತಾರಾ? ನಿನ್ನ ಅತ್ತಿಗೆಗೆ ಗೊತ್ತಾದ್ರೆ ಮೈಸೂರಿಂದ ಇಲ್ಲಿಗೆ ನಡ್ಕೊಂಡೇ ಬರ್ತಾರೆ" ಎಂದಳು ಚಿಕ್ಕಮ್ಮ.

"ಅವತ್ತು ಬಿಟ್ಟು ಹೋಗಿದ್ದು ಅದನ್ನೇ ಅಲ್ವೇನೆ" ಎಂದಳು ಅಮ್ಮ.

ಅಪಾರ್ಟ್‌ಮೆಂಟಿನ ಹಿಂದೆ ಕಾರು ನಿಲ್ಲಿಸುವ ಜಾಗಕ್ಕೊಂದು ಗಿಡ್ಡ ಗೋಡೆ. ಅದರ ಮೇಲೆ ಎಲೆ, ಪಕ್ಕದಲ್ಲಿ ಡಬ್ಬಿ. ಹನ್ನೊಂದು ನಲವತ್ತಕ್ಕೆ ಇಟ್ಟೆವು. ನಾವು ಮೂವರೂ ಮೆಟ್ಟಿಲ ಮೇಲೆ ಕೂತೆವು. ತಂತಿಗಳು ಖಾಲಿ, ಮರಗಳು ಖಾಲಿ. ಎಲ್ಲೋ ಹುಲ್ಲು ಕತ್ತರಿಸುತ್ತಿದ್ದ ಮೆಷಿನ್ ನಿಂತುಹೋಯಿತು. ಅದು ನಿಂತ ಮೇಲೆ ಏನೂ ಕೇಳಿಸಲಿಲ್ಲ.

ಹನ್ನೆರಡು ಇಪ್ಪತ್ತೈದಕ್ಕೆ ಕಾಗೆ ಬಂತು. ಹಾರಿ ಬರಲಿಲ್ಲ, ನಡೆದು ಬಂತು. ಗೋಡೆಯ ಆ ತುದಿಯಿಂದ, ಒಂದು ಕಡೆಗೆ ವಾಲಿಕೊಂಡು, ಎರಡು ಹೆಜ್ಜೆಗೊಮ್ಮೆ ನಿಂತು. ವಯಸ್ಸಾದವರು ಬಸ್ಸಿನೊಳಗೆ ಕಂಬಿ ಹಿಡಿದು ನಡೆಯುತ್ತಾರಲ್ಲ, ಹಾಗೆ. ಎಲೆಯನ್ನು ದಾಟಿ ನೇರ ಡಬ್ಬಿಯ ಮುಂದೆ ಬಂದು ನಿಂತಿತು. ಅಮ್ಮ ನನ್ನ ಮಣಿಕಟ್ಟು ಹಿಡಿದಳು.

"ಬಂದ್ರು."

ಕಾಗೆ ಡಬ್ಬಿಯೊಳಗೆ ನೋಡಿತು. ಕೊಕ್ಕು ತೆರೆಯಿತು. ಮುಚ್ಚಿತು. ಮತ್ತೆ ತೆರೆಯಿತು. ತಲೆ ತಿರುಗಿಸಿ ಒಂದು ಕಣ್ಣಿನಿಂದ ಅಮ್ಮನನ್ನು ನೋಡಿತು. ಆ ಕಣ್ಣಿನ ಮೇಲೆ ತೆಳುವಾದ ಬಿಳಿ ಪೊರೆ ಬಂದು ಹೋಗುತ್ತಿತ್ತು. ಹೀಗೆ ಆರು ನಿಮಿಷ. ಒಂದು ಅಗುಳನ್ನೂ ಮುಟ್ಟಲಿಲ್ಲ. ಆಮೇಲೆ ಡಬ್ಬಿಯ ಪಕ್ಕದಲ್ಲೇ, ಜಾಗ ಮಾಡಿಕೊಂಡಂತೆ, ಮೆಲ್ಲಗೆ ಕೂತು, ಮಲಗಿ, ಸತ್ತುಹೋಯಿತು.

ಚಿಕ್ಕಮ್ಮ "ಓ ಗಾಡ್" ಎಂದಳು. ಒಂದೇ ಸಲ.

"ಬಂದೂ ತಿನ್ಲಿಲ್ಲ. ಎರಡು ವರ್ಷ ಆದ್ರೂ ಸಿಟ್ಟು ಹೋಗಿಲ್ಲ ಅವರಿಗೆ" ಎಂದಳು ಅಮ್ಮ. ಅವಳ ದನಿ ನನಗೆ ಗುರುತೇ ಸಿಗಲಿಲ್ಲ.

ನಾನು ಆಗ ಮಾಡಿದ ಕೆಲಸ ನೆನೆದರೆ ಈಗಲೂ ತಲೆ ತಗ್ಗುತ್ತದೆ. ಎದ್ದು ಒಳಗೆ ಹೋಗಿ, ಫ್ರಿಜ್ಜಿನ ಮೇಲಿನ ನಂಬರಿಗೆ ಫೋನ್ ಮಾಡಿದೆ. ಹೆದರಿದಾಗ ಕೆಲವರು ದೇವರ ನಾಮ ಹೇಳುತ್ತಾರೆ, ನಾನು ಫಾರಂ ತುಂಬುತ್ತೇನೆ. ಯಾವ ಹಕ್ಕಿ, ಯಾವ ವಿಳಾಸ, ಸತ್ತು ಎಷ್ಟು ಹೊತ್ತಾಯಿತು ಎಂದು ಆ ಕಡೆಯ ಹೆಂಗಸು ಕೇಳಿದಳು. "ಒಂಬತ್ತು ನಿಮಿಷ" ಎಂದೆ. ಅವಳು ಕಾಗೆಗೊಂದು ನಂಬರು ಕೊಟ್ಟಳು. ಬರೆದುಕೊಂಡೆ.

ಎರಡೂವರೆಗೆ ಒಂದು ಬಿಳಿ ವ್ಯಾನ್ ಬಂತು. ಇಳಿದವನು ಅರವತ್ತರ ಆಸುಪಾಸಿನ, ಮೀಸೆಯೆಲ್ಲ ನರೆತ ಮೆಕ್ಸಿಕನ್ ಮನುಷ್ಯ. ಕೈಗವಸು ಹಾಕಿಕೊಂಡು, ಒಂದರೊಳಗೊಂದು ಎರಡು ಪ್ಲಾಸ್ಟಿಕ್ ಚೀಲ ಬಿಡಿಸಿದ. ಅಮ್ಮ ಗೋಡೆಗೂ ಅವನಿಗೂ ಮಧ್ಯೆ ಹೋಗಿ ನಿಂತಳು.

"ಯಾರೇ ಇವನನ್ನ ಕರೆದಿದ್ದು?"

"ನಾನೇ ಅಮ್ಮ. ತಿಳಿಸ್ಬೇಕು ಅಂತ ಬರೆದಿದೆ."

"ಅವರನ್ನ ಕಸದ ಚೀಲದಲ್ಲಿ ತುಂಬ್ಕೊಂಡು ಹೋಗ್ಲಿ ಅಂತ ಕರೆದ್ಯಾ?"

"ಅಕ್ಕ, ಅದು ಕಾಗೆ" ಎಂದಳು ಚಿಕ್ಕಮ್ಮ.

"ಇವತ್ತೊಂದಿನ ಅದು ಕಾಗೆ ಅಲ್ಲ" ಎಂದಳು ಅಮ್ಮ.

ಆ ಮನುಷ್ಯನಿಗೆ ಕನ್ನಡ ತಿಳಿಯದಿದ್ದರೂ ಏನೋ ತಿಳಿಯಿತು. ಎಲೆ ನೋಡಿದ, ಡಬ್ಬಿ ನೋಡಿದ. ಇದು ಯಾರಿಗಿಟ್ಟ ಊಟ ಎಂದು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದ. ನನ್ನ ತಂದೆಗೆ, ಅವರು ಇಲ್ಲ ಎಂದೆ. ಅವನು ಟೋಪಿ ತೆಗೆದ. ತನ್ನ ತಾಯಿಯೂ ಪ್ರತಿ ನವೆಂಬರಿನಲ್ಲಿ ತೀರಿಹೋದ ತನ್ನ ತಂದೆಗೆ ಊಟ ಇಡುತ್ತಿದ್ದಳು, ಬೀನ್ಸು, ರೊಟ್ಟಿ, ಒಂದು ಸಿಗರೇಟು ಎಂದ. ಹಕ್ಕಿ ಇಲ್ಲಿಗೆ ಬಂದು ತಿಂದಿತಾ ಎಂದು ಕೇಳಿದ. ಇಲ್ಲ, ಬರೀ ನೋಡಿತು ಎಂದೆ. ಅವನು ತಲೆಯಾಡಿಸಿ ಹೇಳಿದ್ದನ್ನು ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ.

"ಈ ಕಾಯಿಲೆ ಬಂದ್ರೆ ಅವಕ್ಕೆ ತಿನ್ನಕ್ಕೇ ಆಗಲ್ವಂತೆ ಅಮ್ಮ. ದಿನಾ ಇಂಥವನ್ನ ನೋಡ್ತಾರಂತೆ. ಅನ್ನದ ಹತ್ರ ಬರ್ತವೆ, ನಿಂತ್ಕೋತವೆ. ತಿನ್ನಲ್ಲ ಅಂತ ಅಲ್ವಂತೆ. ಆಗಲ್ವಂತೆ."

"ಇನ್ನೊಂದ್ಸಲ ಕೇಳು."

ಕೇಳಿದೆ. ಅವನು ಬೇಸರಿಸದೆ ಇನ್ನೊಮ್ಮೆ ಹೇಳಿದ. ಒಳಗೆ ಅಷ್ಟು ಕೆಟ್ಟಿರುವಾಗ ಮೊದಲು ಹೋಗುವುದು ಹಸಿವು, ಅದು ಯಾರ ಮೇಲಿನ ಸಿಟ್ಟೂ ಅಲ್ಲ ಎಂದ. ಸಿಟ್ಟಿನ ಮಾತು ನಾನು ಅವನಿಗೆ ಹೇಳಿಯೇ ಇರಲಿಲ್ಲ. ಇದನ್ನು ಎಷ್ಟೋ ಸಲ ಯೋಚಿಸಿದ್ದೇನೆ. ಅಮ್ಮನ ಮುಖ ನೋಡಿ ಅಂದಿರಬಹುದು.

ಅಮ್ಮ ಹೋಗಿ ಮೆಟ್ಟಿಲ ಮೇಲೆ ಕೂತಳು.

"ಕಾಫೀನೂ ಅರ್ಧ ಬಿಟ್ಟಿದ್ರು" ಎಂದಳು.

"ಯಾರು ಅಕ್ಕ?"

"ಅವತ್ತು ಬೆಳಿಗ್ಗೆ. ಕಾಫಿ ಅರ್ಧಕ್ಕೇ ಬಿಟ್ಟು ಎಡಗೈ ಹೀಗೆ ತಿಕ್ಕೋತಾ ಕೂತಿದ್ರು. ನಾನು ಮಾತಾಡ್ಸಬಾರದು ಅಂತ ಆ ಕಡೆ ತಿರುಗ್ಕೊಂಡೆ. ಸಿಟ್ಟಿಗೆ ಬಿಟ್ಟಿದ್ದಾರೆ ಅಂತ ಲೋಟ ತಗೊಂಡೋಗಿ ತೊಳೆದುಬಿಟ್ಟೆ ಕಣೇ." ತನಗೆ ತಾನೇ ಎಂಬಂತೆ, "ಸಿಟ್ಟಿರ್ಲಿಲ್ಲ. ಹಸಿವಿರ್ಲಿಲ್ಲ" ಎಂದಳು.

ಆಮೇಲೆ ಎದ್ದು ಪಕ್ಕಕ್ಕೆ ಸರಿದಳು. ಅವನು ಕಾಗೆಯನ್ನು ಎರಡೂ ಕೈಯಲ್ಲಿ ಎತ್ತಿ ಚೀಲದೊಳಗೆ ಇಳಿಸಿದ. ಬಾಯಿ ಕಟ್ಟುವ ಮೊದಲು ಅಮ್ಮ ಎಲೆಯಿಂದ ಒಂದು ಚಿಟಿಕೆ ಎಳ್ಳು ತೆಗೆದು ಒಳಗೆ ಹಾಕಿದಳು. ಅವನು ಚೀಲವನ್ನು ತೆರೆದು ಹಿಡಿದು ನಿಂತಿದ್ದ. ಕಾಗೆಯನ್ನು ಪರೀಕ್ಷಿಸಿದ ಲ್ಯಾಬಿನವರು ಆ ಎಳ್ಳನ್ನು ಏನೆಂದುಕೊಂಡರೋ ಗೊತ್ತಿಲ್ಲ. ಕೆಲವು ವಾರಗಳ ಮೇಲೆ ನಾನು ನಂಬರು ಹೇಳಿ ವಿಚಾರಿಸಿದಾಗ, ಹೌದು, ಕಾಯಿಲೆ ಇತ್ತು ಎಂದಷ್ಟೇ ತಿಳಿಸಿದರು. ನೋಟ್‌ಬುಕ್ಕಿನಲ್ಲಿ ಹದಿನೆಂಟನೆಯ ಸಂಗತಿ ಬರೆದೆ: ಈ ರಾಜ್ಯದಲ್ಲಿ ಸತ್ತ ಕಾಗೆಗೂ ಒಂದು ನಂಬರಿದೆ. ಹತ್ತೊಂಬತ್ತನೆಯದು ಇನ್ನೂ ಬರೆದಿಲ್ಲ.

ಈಗ ನಾನು ಅಪ್ಪನ ವರ್ಕ್‌ಶಾಪಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ಲಾ ಹೋಯಾದಲ್ಲೇ ಓದುತ್ತಿದ್ದೇನೆ. ತಿಥಿಗೆ ತಪ್ಪದೆ ಕಲ್ವರ್ ಸಿಟಿಗೆ ಹೋಗುತ್ತೇನೆ. ಕಾಗೆಗಳು ವರ್ಷದಿಂದ ವರ್ಷಕ್ಕೆ ಮರಳಿ ಬಂದಿವೆ. ಈ ಆಗಸ್ಟಿನಲ್ಲಂತೂ ಎಲೆ ಹಾಸುವುದರೊಳಗೇ ಗೋಡೆಯ ಮೇಲೆ ಗಲಾಟೆ. ವಡೆಗೆ ಕಿತ್ತಾಟ, ಪಾಯಸಕ್ಕೆ ಕೊಕ್ಕು, ಚಿತ್ರಾನ್ನದ ಕಡಲೆಬೀಜಕ್ಕೆ ಡಬ್ಬಿಯೊಳಗೇ ತಲೆ. ಹದಿನಾಲ್ಕು ಎಣಿಸಿದೆ. ಹದಿನಾಲ್ಕೂ ತಿಂದವು.

ಡೈರಿ ಮುಚ್ಚುತ್ತಿದ್ದೆ. ಅಮ್ಮ ಮೇಲೆ ನೋಡುತ್ತಿದ್ದಳು. ತಂತಿಯ ಮೇಲೆ ಇನ್ನೊಂದಿತ್ತು. ಒಂದು ಕಡೆಗೆ ಸ್ವಲ್ಪ ವಾಲಿಕೊಂಡು, ಗದ್ದಲಕ್ಕೂ ತನಗೂ ಸಂಬಂಧವಿಲ್ಲ ಎಂಬಂತೆ, ಒಂದು ಕಣ್ಣಿನಿಂದ ನಮ್ಮ ಮೆಟ್ಟಿಲನ್ನೇ ನೋಡುತ್ತ ಕೂತಿತ್ತು.

"ಯಾಕ್ರೀ, ಇವತ್ತೂ ಹಸಿವಿಲ್ವಾ?" ಎಂದು ಅಮ್ಮ ಕೇಳಿದಳು.

ಒಳಗೆ ಹೋಗಿ ಲೋಟದಲ್ಲಿ ಅರ್ಧ ಕಾಫಿ ತಂದು, ಆ ತಂತಿಯ ಕೆಳಗೆ ಗೋಡೆಯ ಮೇಲಿಟ್ಟಳು. ನಾನು ಡೈರಿ ತೆಗೆದು ಹದಿನಾಲ್ಕನ್ನು ಹೊಡೆದು ಹಾಕಿ ಹದಿನೈದು ಎಂದು ಬರೆದೆ.